ಎದುರು ಮಾತನಾಡಿದವರೆಲ್ಲ ವೀರರೇ?

ಕೊಳ್ಳೇಗಾಲ ತಾಲೂಕಿನ ಮುಳ್ಳೂರು ಕಾವೇರಿ ಬಯಲಿನ ಊರು. ಹೊಳೆ ಉಕ್ಕಿದ ವರ್ಷಗಳಲ್ಲಿ ನೀರು ನುಗ್ಗುವ ಹಳ್ಳಿಗಳ ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ. ತುಂಬಿದ ಹೊಳೆಗೆ ಎದುರಾಗಿ ಈಜುವುದೆಂದರೇನು ಎಂಬುದನ್ನು ಅಂಥ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಳುಗುತ್ತಿರುವವನನ್ನು ಎಳೆದು ತರಲು ನೀರಿಗಿಳಿದವನೂ ಎದುರು ಈಜುತ್ತಾನೆ. ದಡದಲ್ಲಿ ನಿಂತವರ ಚಪ್ಪಾಳೆಗಾಗಿ ಇಳಿದವನೂ ಎದುರು ಈಜುತ್ತಾನೆ. ಹೊಳೆಗೆ ಇಬ್ಬರೂ ಒಂದೇ. ಊರಿಗೆ ಮಾತ್ರ ಒಂದೇ ಅಲ್ಲ.

ಜನಾಭಿಪ್ರಾಯದ ವಿರುದ್ಧ ಮಾತನಾಡಿದವರನ್ನು ವೀರರೆಂದು ಕೊಂಡಾಡುವ ಮುನ್ನ ಈ ವ್ಯತ್ಯಾಸವನ್ನು ನಾವು ಗಮನಿಸಬೇಕಾಗಿದೆ. ಬಹುಮತ ತಪ್ಪಿರಬಹುದು. ಹಾಗೆಂದು ಬಹುಮತವನ್ನು ವಿರೋಧಿಸಿದ ಮಾತ್ರಕ್ಕೆ ಯಾವ ಮಾತೂ ಸತ್ಯವಾಗುವುದಿಲ್ಲ. ದುರ್ಬಲರನ್ನು ಹೀಯಾಳಿಸಿ, ಬಳಿಕ ಅದಕ್ಕೆ 'ಯಾರೂ ಹೇಳಲಂಜುವ ಸತ್ಯ' ಎಂದು ಹೆಸರಿಡುವವರಿಗೂ ಇಂದು ಕೊರತೆಯಿಲ್ಲ. ಹಾಗಾದರೆ ಅಳತೆಗೋಲು ಯಾವುದು?

ಈ ಭಾಗದ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿರಬಹುದಾದ ಪ್ರಸಂಗವೊಂದಿದೆ. ಆಗ ಚಾಮರಾಜನಗರ ಜಿಲ್ಲೆ ಇರಲಿಲ್ಲ. ಕೊಳ್ಳೇಗಾಲ, ಯಳಂದೂರುಗಳು ಮೈಸೂರು ಜಿಲ್ಲೆಗೇ ಸೇರಿದ್ದವು. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ನಾಡು ಹೊತ್ತಿ ಉರಿಯಿತು. ಕನ್ನಡಕ್ಕೆ ಅವಮಾನವಾಯಿತೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಕೊನೆಗೆ ಬಸವಲಿಂಗಪ್ಪನವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು.

ಅವರು ಬಳಸಿದ ಪದ ಒರಟಾಗಿತ್ತು, ನಿಜ. ಅದನ್ನು ಒಪ್ಪದವರಿಗೆ ತರ್ಕದಿಂದ ಖಂಡಿಸುವ ಹಕ್ಕೂ ಇತ್ತು. ಆದರೆ ಆ ಒರಟು ಪದದ ಹಿಂದೆ ಒಂದು ಪ್ರಶ್ನೆಯಿತ್ತು: ಶತಮಾನಗಳಿಂದ ಹೊಲಗೇರಿಯಲ್ಲಿ ಬದುಕಿದವರ ನೋವು ಈ ಸಾಹಿತ್ಯದಲ್ಲಿ ಎಲ್ಲಿದೆ? ಪದ ಹಿಡಿದು ಗದ್ದಲವೆಬ್ಬಿಸಿದವರು ಪ್ರಶ್ನೆಗೆ ಉತ್ತರಿಸಲಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಮಲವನ್ನು ತಲೆಯ ಮೇಲೆ ಹೊರುವ ಅಮಾನವೀಯ ಪದ್ಧತಿಯನ್ನು ಪೌರಾಡಳಿತ ಸಚಿವರಾಗಿ ನಿಷೇಧಿಸಿದವರು ಇದೇ ಬಸವಲಿಂಗಪ್ಪನವರು. ಅವರ ಮಾತು ಬರಿಯ ಮಾತಾಗಿರಲಿಲ್ಲ; ಅದಕ್ಕೆ ಕೃತಿಯ ಬೆಂಬಲವಿತ್ತು.

ಆದರೂ ಅವರೊಬ್ಬರನ್ನೇ ಈ ಪ್ರಸಂಗದ ವೀರರೆನ್ನಲು ಮನಸ್ಸು ಒಪ್ಪುವುದಿಲ್ಲ. ಸಚಿವರು ಕಳೆದುಕೊಂಡದ್ದು ಸ್ಥಾನವನ್ನು. ಏಟು ತಿಂದವರು ಬೇರೆ. ರಾಜ್ಯದ ಹಲವೆಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಹಳ್ಳಿಯಿಂದ ಒಂದು ಟ್ರಂಕು ಹೊತ್ತು ನಗರದ ಹಾಸ್ಟೆಲ್ ಸೇರಿದ್ದ ಹುಡುಗರು ತಾವು ಆಡದ ಮಾತಿಗೆ ದಂಡ ತೆತ್ತರು. ಅವರ ಹೆಸರುಗಳನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ. ಆದರೆ ಅವರ ತಲೆಮಾರು ಹೆದರಿ ಸುಮ್ಮನಾಗಲಿಲ್ಲ. ಮುಂದೆ ದಲಿತ ಸಂಘರ್ಷ ಸಮಿತಿ ರೂಪುಗೊಂಡುದರ ಹಿಂದೆ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದುದರ ಹಿಂದೆ ಆ ದಿನಗಳ ಬಿಸಿಯಿತ್ತು. ಒಂದು ಮಾತಿನ ಬೆಲೆ ತಿಳಿಯುವುದು ಅದು ಎಬ್ಬಿಸಿದ ಗದ್ದಲದಿಂದಲ್ಲ. ಅದರಿಂದ ಯಾರ ಬಾಯಿಗೆ ದನಿ ಬಂತು ಎಂಬುದರಿಂದ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಪಕ್ಕದ ಮನೆಯ ಬಂಡಾಯವನ್ನು ಮೆಚ್ಚುವುದು ಸುಲಭ. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಮಹಿಳೆಗೂ ಇದೆಯೆಂದು ಹಾಸನದ ಲೇಖಕಿ ಬಾನು ಮುಷ್ತಾಕ್ ಹೇಳಿದಾಗ, 2000ದಲ್ಲಿ ಅವರಿಗೆ ದೊರೆತದ್ದು ಸಾಮಾಜಿಕ ಬಹಿಷ್ಕಾರ ಮತ್ತು ಬೆದರಿಕೆ. ಪ್ರವಾದಿಯವರ ಕಾಲದಲ್ಲಿ ಮಹಿಳೆಯರು ಮಸೀದಿಗೆ ಬರುತ್ತಿದ್ದರೆಂಬುದನ್ನು ಅರಿತವರೂ ಅಂದು ತುಟಿ ಬಿಚ್ಚಲಿಲ್ಲ. 2025ರ ಮೇ ತಿಂಗಳಲ್ಲಿ ಅದೇ ಲೇಖಕಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಅಭಿನಂದನೆಗೆ ಸಾಲುಗಟ್ಟಿದೆವು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದ್ದನ್ನು ಇನ್ನೊಂದು ಗುಂಪು ವಿರೋಧಿಸಿ ನ್ಯಾಯಾಲಯದವರೆಗೂ ಹೋದಾಗ ಅವರ ಪರ ನಿಲ್ಲುವುದು ನಮಗೆ ಕಷ್ಟವೆನಿಸಲಿಲ್ಲ. ಏಕೆಂದರೆ ಆಗ ಎದುರಿಗಿದ್ದವರು ಹೊರಗಿನವರು. ಒಳಗಿನವರೇ ಎದುರಿದ್ದಾಗ ನಾವೆಲ್ಲಿದ್ದೆವು?

ಸ್ವಂತದವರ ವಿರುದ್ಧವಾದರೂ ಸರಿಯೇ, ನ್ಯಾಯದ ಪರ ಸಾಕ್ಷಿಗಳಾಗಿರಬೇಕೆಂದು ನಮಗೆ ಕಲಿಸಲಾಗಿದೆ. ಅದನ್ನು ಅನ್ಯರಿಗೆ ಉಪದೇಶಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಜಮಾಅತ್ತಿನ ಸಭೆಯಲ್ಲಿ ವರದಕ್ಷಿಣೆಯ ಮದುವೆಯನ್ನು ಪ್ರಶ್ನಿಸಿದವನಿಗೆ, ತವರಿನಲ್ಲಿ ತನ್ನ ಪಾಲಿನ ಆಸ್ತಿ ಕೇಳಿದವಳಿಗೆ ನಾವು ಏನೆನ್ನುತ್ತೇವೆ? 'ಇದೆಲ್ಲ ಈಗ ಬೇಡ, ಹೊರಗಿನವರು ನಗುತ್ತಾರೆ' ಎನ್ನುತ್ತೇವೆ. ಹಾಗೆ ಹೇಳಿ ಕೂರಿಸಿದವನನ್ನು ಇಪ್ಪತ್ತು ವರ್ಷಗಳ ಬಳಿಕ ವೇದಿಕೆಗೆ ಕರೆದು ಶಾಲು ಹೊದಿಸಿದರೆ ಅದು ಗೌರವವೇ?

ಯಾರನ್ನಾದರೂ ವೀರರೆಂದು ಕರೆಯುವುದು ಅನೇಕ ವೇಳೆ ನಮ್ಮ ಹೊಣೆಯಿಂದ ನುಣುಚಿಕೊಳ್ಳುವ ಉಪಾಯವೂ ಹೌದು. ಅವರು ಅಸಾಮಾನ್ಯರು, ನಾವು ಸಾಮಾನ್ಯರು ಎಂದುಬಿಟ್ಟರೆ ಮೌನಕ್ಕೊಂದು ನೆಪ ಸಿಕ್ಕಿತು. ವಸ್ತುತಃ ಸತ್ಯ ಹೇಳಲು ವೀರರೇ ಬೇಕಾಗುವ ಸಮಾಜ ಆರೋಗ್ಯವಂತ ಸಮಾಜವಲ್ಲ. ಒಬ್ಬ ಸಾಮಾನ್ಯ ಯುವಕ, ಒಬ್ಬ ಸಾಮಾನ್ಯ ಗೃಹಿಣಿ ಎದ್ದು ನಿಂತು 'ಇದು ಸರಿಯಲ್ಲ' ಎಂದಾಗ, ಒಪ್ಪದಿದ್ದರೂ ಪೂರ್ತಿ ಕೇಳಿಸಿಕೊಳ್ಳುವ ಹತ್ತು ಮಂದಿ ಸಭೆಯಲ್ಲಿರಬೇಕು. ಮಾತು ತಪ್ಪಾಗಿದ್ದರೆ ತಿದ್ದಲಿ, ಸರಿಯಾಗಿದ್ದರೆ ಜೊತೆಗೆ ನಿಲ್ಲಲಿ. ಹೊಳೆಗಿಳಿದವನಿಗೆ ದಡದಿಂದ ಬೇಕಾದದ್ದು ಚಪ್ಪಾಳೆಯಲ್ಲ, ಒಂದು ಹಗ್ಗ. ಮುಂದಿನ ಸಭೆಯಲ್ಲಿ ಅದನ್ನು ಎಸೆಯುವವರು ನಮ್ಮಲ್ಲಿ ಯಾರು?