ಮರಿ ಬೀದಿಗಿಳಿಯುವ ಮುನ್ನ

ನಾಯಿಮರಿ ಮನೆಗೆ ಬಂದ ಮರುದಿನವೇ ಮಕ್ಕಳ ಹಟ ಶುರು: ಹೊರಗೆ ಆಡಲು ಬಿಡಬೇಕು. ಹಿರಿಯರ ಉತ್ತರ: ಬೇಡ. ಎರಡರಲ್ಲೂ ಅರ್ಧ ಸತ್ಯವಿದೆ.

ಬೀದಿಯಲ್ಲಿ ವಾಹನಗಳ ಭಯ ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಅಪಾಯ ಪಾರ್ವೊ ವೈರಸ್. 1978ರಲ್ಲಿ ಗುರುತಿಸಲಾದ ಈ ರೋಗಾಣು ರೋಗಪೀಡಿತ ನಾಯಿಯ ಮಲದಿಂದ ಹರಡುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ವಾಂತಿ, ರಕ್ತಭೇದಿ ಕಾಣಿಸಿಕೊಂಡ ಎಳೆಯ ಮರಿ ಎರಡು ಮೂರು ದಿನಗಳಲ್ಲೇ ಸಾಯಬಹುದು.

ಇದಕ್ಕೆ ಒಂದೇ ಚುಚ್ಚುಮದ್ದು ಸಾಲದು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆದ್ದರಿಂದಲೇ 6ರಿಂದ 8ನೇ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16ನೇ ವಾರದವರೆಗೆ ಲಸಿಕೆ ಕೊಡಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ.

ಹಾಗೆಂದು ಅಲ್ಲಿಯವರೆಗೆ ಮೂಲೆಯಲ್ಲಿ ಕಟ್ಟಿಹಾಕುವುದೂ ತಪ್ಪು. ಈ ವಯಸ್ಸಿನಲ್ಲಿ ಹೊರಗಿನ ಜನ, ಸದ್ದು ಕಾಣದ ಮರಿ ದೊಡ್ಡದಾದ ಮೇಲೆ ಅಂಜುಬುರುಕವಾಗುತ್ತದೆ, ಇಲ್ಲವೇ ಕಚ್ಚಲು ಕಲಿಯುತ್ತದೆ. ಬೇರೆ ನಾಯಿಗಳು ಬಾರದ ಅಂಗಳದಲ್ಲಿ ಆಡಲಿ. ಬೀದಿಯನ್ನು ಎತ್ತಿಕೊಂಡು ತೋರಿಸಿದರಾಯಿತು. ಲಸಿಕೆಗಳು ಮುಗಿದ ಮೇಲೂ ಬೀದಿಯಲ್ಲಿ ಕೊರಳಪಟ್ಟಿ, ಹಗ್ಗ ಬಿಡಬಾರದು.

ಮಕ್ಕಳು ನೆನಪಿಡಬೇಕಾದ ಮಾತೊಂದಿದೆ. ಆಟದಲ್ಲಿ ಹಲ್ಲು, ಉಗುರು ತಾಗಿ ಗೀರಾದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರಿಗೆ ತೋರಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ತೀರಾ ಅಪರೂಪ. ಬೈಗುಳಕ್ಕೆ ಹೆದರಿ ಮಗು ಗಾಯ ಮುಚ್ಚಿಡದಂತೆ ನೋಡಿಕೊಳ್ಳುವುದು ಹೆತ್ತವರ ಹೊಣೆ.