ರೇಟ ಎಲ್ಲೈತಿ ತಮ್ಮಾ?

ಹೋದ ವರ್ಷ ನಾವು ಮೂವರು ಗೆಳೆಯರು ಸೇರಿ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ವಿ. ಮೇಲೆ ಪೂರ್ತಿ ಪರದೆ ತುಂಬುವ ಸ್ಲೈಡರ್, ಕಪ್ಪು ಹಿನ್ನೆಲೆ, ಸ್ಕ್ರೋಲ್ ಮಾಡಿದಂಗೆಲ್ಲ ತೇಲಿ ಬರುವ ಕಾರ್ಡುಗಳು, ಗಾಜಿನಂತೆ ಮಿಂಚುವ ಮೆನು. ಹಾಸ್ಟೆಲ್‌ನಾಗ ನೋಡಿದವರೆಲ್ಲ 'ಭಾರೀ ಮಾಡೀರಲೇ' ಅಂದ್ರು. ಅಂಗಡಿ ಮಾಲೀಕರು ಮೊಬೈಲನ್ನ ಕೈ ಚಾಚಿ ದೂರ ಹಿಡಿದು, ಕಣ್ಣು ಸಣ್ಣ ಮಾಡಿ ನೋಡಿದ್ರು. ಸ್ಲೈಡರಿನಲ್ಲಿ ದೊಡ್ಡ ಕೆಂಪು ಕಟಾವು ಯಂತ್ರ ನಿಂತ ಗೋವಿನಜೋಳದ ಹೊಲ ಇತ್ತು, ಪುಕ್ಕಟೆ ಸಿಕ್ಕ ಫೋಟೊ. 'ಇದು ಯಾವ ಊರ ಹೊಲ?' ಅಂದ್ರು. ಮತ್ತೆ ಕೆಳಗೆ ಕೆಳಗೆ ಎಳೆದು, ಕೊನೆಗೆ ಕೇಳಿದ್ದು ಒಂದೇ ಮಾತು: 'ಎಲ್ಲಾ ಚಂದ ಐತಿ. ರೇಟ ಎಲ್ಲೈತಿ ತಮ್ಮಾ?'

ರೇಟು ನಾಲ್ಕನೇ ಪುಟದಲ್ಲಿತ್ತು, ಅದೂ ಇಂಗ್ಲಿಷಿನಲ್ಲಿ.

ಅವತ್ತಿನಿಂದ ನಮಗೆ ಒಂದು ಜಿದ್ದು ಹತ್ತಿದೆ. ಡಿಸೈನ್ ಅಂತ ನಾವು ಕಲಿಯುತ್ತಿರುವುದು ಯಾರ ಕಣ್ಣಿಗೆ? ಯೂಟ್ಯೂಬಿನಲ್ಲಿ ನೋಡಿ, ಟೆಂಪ್ಲೇಟು ಇಳಿಸಿಕೊಂಡು, ಇತ್ತೀಚೆಗೆ ಎಐಗೆ ಹೇಳಿ ಹತ್ತು ನಿಮಿಷದಲ್ಲಿ ಮಾಡಿಸಿದ ಸೈಟುಗಳೆಲ್ಲ ಅಣ್ಣತಮ್ಮಂದಿರ ಹಂಗ ಕಾಣ್ತಾವ: ಅದೇ ನೇರಳೆ ಬಣ್ಣ, ಅದೇ ಮೂರು ಚೌಕ, ಅದೇ 'ನಮ್ಮ ಪಯಣ'. ಕನ್ನಡಕ್ಕೆ ತಿರುಗಿಸು ಅಂದ್ರೆ 'ಹೋಮ್' ಬಟನ್ 'ಮನೆ' ಆಗ್ತದ. 'ಕಾರ್ಟ್' 'ಗಾಡಿ' ಆಗ್ತದ. ಬ್ಯಾಡಗಿಯಲ್ಲಿ 'ಗಾಡಿಗೆ ಸೇರಿಸಿ' ಅಂದ್ರೆ ಹಮಾಲರು ಚೀಲ ಎತ್ತಲಿಕ್ಕೆ ಬಂದಾರು!

ನಗೆಯಾಟ ಇರಲಿ. ಕನ್ನಡದ ತೊಂದರೆ ಅನುವಾದಕ್ಕಿಂತ ಆಳಕ್ಕೆ ಇಳಿಯುತ್ತದೆ, ಇಲ್ಲಿ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ನಿಜವಾದ ಕೆಲಸ ಐತಿ. ಟೆಂಪ್ಲೇಟುಗಳನ್ನು ಬರೆದವರು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿರುತ್ತಾರೆ. ಅವಕ್ಕೆ ಒತ್ತಕ್ಷರ ಇಲ್ಲ. ನಮ್ಮ ಬಟನ್ನಿನಲ್ಲಿ 'ಬಿತ್ತನೆ ಬೀಜ' ಅಂತ ಇತ್ತು. ಲೈನ್-ಹೈಟ್ ಬಿಗಿಯಾಗಿ, ಹೊರಗೆ ಚಾಚಿದ್ದನ್ನು ಕತ್ತರಿಸುವಂತೆ ಸಿಎಸ್‌ಎಸ್ ಬರೆದಿದ್ದರಿಂದ ಕೆಳಗಿನ ಒತ್ತು ಹಾರಿಹೋಗಿ 'ಬಿತನೆ ಬೀಜ' ಅಂತ ಕಾಣ್ತಿತ್ತು. ವಾರಗಟ್ಟಲೆ ನಾವು ಯಾರೂ ಗಮನಿಸಲೇ ಇಲ್ಲ, ಯಾಕಂದ್ರೆ ನಾವು ಪರೀಕ್ಷೆ ಮಾಡಿದ್ದು ಇಂಗ್ಲಿಷ್ ಪುಟವನ್ನ.

ಇನ್ನೊಂದು ನೋಡಿ. 'ಬ್ಯಾಡಗಿ' ಅಂದ್ರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟಿಗೆ ಕೇಳಿ, ಅದರ ಉದ್ದ 7 ಅಂತದ: ಬ, ವಿರಾಮ, ಯ, ಆ-ಕಾರ, ಡ, ಗ, ಇ-ಕಾರ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 21. ನಮ್ಮ ಟೆಂಪ್ಲೇಟಿನಲ್ಲಿ ಕಾರ್ಡಿನ ತಲೆಬರಹ 12ಕ್ಕೆ ಕತ್ತರಿಸುವ ಒಂದು ಸಾಲು ಕೋಡ್ ಇತ್ತು. 'ಬ್ಯಾಡಗಿ ಕಡ್ಡಿ' ಹೋಗಿ 'ಬ್ಯಾಡಗಿ ಕಡ್ಡ' ಆಯ್ತು! ಇದಕ್ಕೆ ದೊಡ್ಡ ಅಲ್ಗಾರಿದಮ್ ಬೇಕಿಲ್ಲ. ಕತ್ತರಿಸಬ್ಯಾಡ್ರಿ, ಎರಡು ಸಾಲು ಬಿಡ್ರಿ, ಲೈನ್-ಹೈಟ್ ಸಡಿಲ ಮಾಡ್ರಿ, ಕನ್ನಡಕ್ಕೆ ಓರೆ ಅಕ್ಷರ ಹಾಕಬ್ಯಾಡ್ರಿ. ಫಾಂಟಿಗೇನೂ ಬರ ಇಲ್ಲ. ಗೂಗಲ್ ಫಾಂಟ್ಸಿನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಅದಾವ, ಹುಬ್ಬಳ್ಳಿ ಹೆಸರಿಂದೂ ಒಂದು ಐತಿ. ಹಾವೇರಿ ಹೆಸರಿಂದು ಯಾರಾದ್ರೂ ಮಾಡಬೇಕು.

ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ದರಪಟ್ಟಿಯನ್ನು ಹಾಗೆಯೇ ಪಿಡಿಎಫ್ ಮಾಡಿ ಸೈಟಿಗೆ ಏರಿಸುವ ಚಾಳಿ ಇನ್ನೂ ಐತಿ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಲಸುಮೇಲೋಗರ. ಗೂಗಲ್ಲಿನಲ್ಲಿ ಎಷ್ಟು ಹುಡುಕಿದರೂ ಸಿಗೂದಿಲ್ಲ. ಕಣ್ಣು ಕಾಣದವರ ಫೋನು ಅದನ್ನ ಓದಿ ಹೇಳೂದೂ ಇಲ್ಲ. ಯೂನಿಕೋಡಿಗೆ ತಿರುಗಿಸಿ ಹಾಕೋದು ಅರ್ಧ ಗಂಟೆ ಕೆಲಸ.

ಈಗ ಬ್ಯಾಡಗಿಗೆ ಬರೋಣ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮೆಣಸಿನಕಾಯಿ, ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿನವರೆಗೂ ಹೋಗ್ತದ. ಕಡ್ಡಿ, ಡಬ್ಬಿ, ಗುಂಟೂರು, ಒಂದೊಂದಕ್ಕೂ ಬೇರೆ ದರ. ಸೋಮವಾರ, ಗುರುವಾರ ಮಾರುಕಟ್ಟೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ರೈತರು ಬಾಡಿಗೆ ಗಾಡಿಯಲ್ಲಿ ಚೀಲ ತರುತ್ತಾರೆ. ವ್ಯಾಪಾರವೇನೋ ಇ-ಟೆಂಡರು, 2014ರಲ್ಲಿ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆ ಶುರುಮಾಡಿತು. ಅಂದ್ರೆ ನಮ್ಮ ಜಿಲ್ಲೆಯ ಅತಿ ದೊಡ್ಡ ಆನ್‌ಲೈನ್ ವ್ಯವಹಾರ ನಡೆಯುವುದು ಯಾವ ಸ್ಟಾರ್ಟಪ್ಪಿನಲ್ಲೂ ಅಲ್ಲ, ಘಾಟು ತುಂಬಿದ ಆ ಯಾರ್ಡಿನಲ್ಲಿ ಅಂತ ನಮ್ಮ ಅನಿಸಿಕೆ.

2024ರ ಮಾರ್ಚ್ 11ರಂದು ದರ ದಿಢೀರ್ ಕುಸಿದಾಗ ರೈತರ ಸಿಟ್ಟು ಸ್ಫೋಟಿಸಿ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಒಳ್ಳೆ ವೆಬ್‌ಸೈಟ್ ಇದ್ದಿದ್ದರೆ ಇದು ಆಗ್ತಿರಲಿಲ್ಲ ಅನ್ನುವಷ್ಟು ದಡ್ಡರಲ್ಲ ನಾವು. ಬೆಲೆ ಇಳಿದದ್ದು ಬಟನ್ನಿನಿಂದಲ್ಲ. ಆದ್ರೆ ಗಾಡಿಗೆ ಚೀಲ ಹೇರುವ ಮೊದಲು, ಹಿಂದಿನ ಮಾರುಕಟ್ಟೆಯಲ್ಲಿ ತನ್ನ ತಳಿಗೆ ಎಷ್ಟು ಸಿಕ್ಕಿತು, ಎಷ್ಟು ಚೀಲ ಬಂದಿದ್ದವು ಅಂತ ರೈತನಿಗೆ ಗೊತ್ತಾಗಬೇಕೋ ಬೇಡವೋ? ಅದನ್ನ ಉರಿಬಿಸಿಲಿನಲ್ಲಿ, ಗೀರು ಬಿದ್ದ ಪರದೆಯ ಮೇಲೆ, ಎರಡು ಕಡ್ಡಿ ನೆಟ್‌ವರ್ಕಿನಲ್ಲಿ ಓದಬೇಕು. ಬಿಳಿ ಮೇಲೆ ತಿಳಿಬೂದು ಅಕ್ಷರ ನಮ್ಮ ಎಸಿ ಲ್ಯಾಬಿನಲ್ಲಿ ಚಂದ. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳ್ತದ. ಬ್ಯಾಡಗಿ ಬಿಸಿಲಿಗೆ ಅದೂ ಸಾಲದು.

'ವಾಟ್ಸಾಪ್ ಐತಲ್ಲ, ವೆಬ್‌ಸೈಟ್ ಯಾಕ ಬೇಕು?' ಅಂತ ನಮ್ಮ ಕಾಕಾ ಒಬ್ಬರು ಕೇಳ್ತಾರ. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಇದು. ಆದ್ರೆ ಗುಂಪಿಗೆ ಬಂದ ದರದ ಫೋಟೊ ಯಾವ ದಿನದ್ದು, ಯಾರು ಬರೆದದ್ದು? ನಾಲ್ಕು ಸಲ ಫಾರ್ವರ್ಡ್ ಆದಮೇಲೆ ಹೋದ ವಾರದ ದರವೂ ಇವತ್ತಿನದಾಗಿ ಕೂಡ್ತದ. ಮೇಲೆ ತಾರೀಖು ಬರೆದ, ಒಂದೇ ವಿಳಾಸದಲ್ಲಿ ಕೂತ ಪುಟಕ್ಕೆ ಅಷ್ಟರ ಮಟ್ಟಿಗೆ ಬೆಲೆ ಐತಿ. ಕಾಕಾ ಇನ್ನೂ ಒಪ್ಪಿಲ್ಲ.

ಹಂಗಂತ ಎಲ್ಲ ಟ್ರೆಂಡೂ ಕೆಟ್ಟದ್ದಲ್ಲ. ಹಾವೇರಿಯ ಏಲಕ್ಕಿ ಹಾರಕ್ಕೆ ದೊಡ್ಡ ಫೋಟೊ ಬೇಕೇ ಬೇಕು. ಏಲಕ್ಕಿಯ ಸಾಲು, ನಡುವಿನ ಜರಿ ಹತ್ತಿರದಿಂದ ಕಾಣದಿದ್ದರೆ ದೂರದೂರಿನವರು ಯಾಕ ಕೊಂಡಾರು? ಅಲ್ಲಿ ಸ್ಲೈಡರ್ ಹಾಕ್ರಿ, ಬ್ಯಾಡ ಅನ್ನೂದಿಲ್ಲ.

ನಮ್ಮ ಬೀಜದಂಗಡಿ ಸೈಟು ಈಗ ಒಂದೇ ಪುಟ. ಮೇಲೆ ತಾರೀಖು, ಕೆಳಗೆ ದರ, ಅದರ ಕೆಳಗೆ ಫೋನ್ ಮಾಡುವ ಬಟನ್. ಮಾಲೀಕರ ಮಗ ದಿನಾ ಬೆಳಿಗ್ಗೆ ಮೊಬೈಲಿನಿಂದಲೇ ದರ ಬದಲಿಸ್ತಾನ. ನಮ್ಮ ಪೋರ್ಟ್‌ಫೋಲಿಯೊದಲ್ಲಿ ಅದನ್ನ ಹಾಕಿದ್ರೆ ಇಂಟರ್ನ್‌ಶಿಪ್ ಸಿಗ್ತದೋ ಇಲ್ಲೋ ಅನ್ನುವ ಅಳುಕು ಮಾತ್ರ ಇನ್ನೂ ಹೋಗಿಲ್ಲ.

ಈ ಸಲದ ಮಿನಿ ಪ್ರಾಜೆಕ್ಟಿಗೆ ಬ್ಯಾಡಗಿ ದರದ ಪುಟ ಕೈಗೆತ್ತಿಕೊಳ್ಳೋಣ ಅಂತ ಮಾಡೀವಿ. ಜೊತೆಗೆ ಬರುವವರು ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ರಿ, ಹಳೆಯ ಫೋನ್ ಇದ್ದರೆ ತರ್ರಿ. ಘಾಟಿಗೆ ಮೂಗು ಮುಚ್ಚಲಿಕ್ಕೆ ಒಂದು ಕರ್ಚೀಫೂ ಇರಲಿ.