ಇನ್ನೂರು ಯುನಿಟ್ಟಿನ ಈಚೆ ಮತ್ತು ಆಚೆ

ವಿದ್ಯುತ್ತಿನ ಮಿತಬಳಕೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಉಪಕರಣಗಳ ಚರ್ಚೆ. ಬಿಲ್ಲನ್ನು ತೆರುವವರು ಯಾರೆಂಬ ಪ್ರಶ್ನೆ ಅದರಲ್ಲಿ ಹಿಂದೆ ಬೀಳುತ್ತದೆ. ಆದರೆ ನಾವು ಬಿಟ್ಟು ಬಂದ ರಾಜ್ಯದಲ್ಲಿಯೂ, ನೆಲೆ ನಿಂತಿರುವ ರಾಜ್ಯದಲ್ಲಿಯೂ ಈಚೆಗೆ ಬದಲಾಗಿರುವುದು ಇದೇ. ಕರ್ನಾಟಕದಲ್ಲಿ 2023ರ ಆಗಸ್ಟಿನ ಬಿಲ್ಲಿನಿಂದ, ತೆಲಂಗಾಣದಲ್ಲಿ 2024ರ ಮಾರ್ಚಿನಿಂದ, ಎರಡೂ ಕಡೆ ಗೃಹಜ್ಯೋತಿ ಎಂಬ ಒಂದೇ ಹೆಸರಿನಲ್ಲಿ, ತಿಂಗಳಿಗೆ 200 ಯುನಿಟ್ಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತು ಉಚಿತವಾಯಿತು. ಹೆಸರು ಒಂದೇ, ನಿಯಮ ಬೇರೆ. ಜನರ ಅಭ್ಯಾಸವನ್ನು ತಿದ್ದುವುದು ಹೆಸರಲ್ಲ, ನಿಯಮ.

ತೆಲಂಗಾಣದಲ್ಲಿ ಆಹಾರ ಭದ್ರತಾ ಕಾರ್ಡು ಇರುವ ಕುಟುಂಬ 200ರೊಳಗೆ ನಿಂತರೆ ಬಿಲ್ಲು ಸೊನ್ನೆ; ಒಂದು ಯುನಿಟ್ಟು ದಾಟಿದರೂ ಆ ತಿಂಗಳ ಪೂರ್ತಿ ಬಿಲ್ಲು ತೆರಬೇಕು. ನಾನು ವಾಸಿಸುವ ಕೂಕಟ್‌ಪಲ್ಲಿಯಲ್ಲಿ ತಿಂಗಳ ಕೊನೆಯ ವಾರ ಮೀಟರಿನ ಮುಂದೆ ನಿಂತು ಅಂಕಿ ಓದುವ ಗೃಹಿಣಿಯರನ್ನು ಕಂಡಿದ್ದೇನೆ. ಯಾವ ಪ್ರಚಾರ ಫಲಕವೂ ಕಲಿಸದ ಎಚ್ಚರವಿದು. ಆದರೆ ಮೇ ತಿಂಗಳಲ್ಲಿ, ಕೂಲರು ಇಲ್ಲದೆ ರಾತ್ರಿ ಕಳೆಯದಿರುವಾಗ, ಆ ಎಚ್ಚರ ಸೋಲುತ್ತದೆ. ದಾಟಿದ ಮೇಲೆ ಎಷ್ಟು ದಾಟಿದರೇನು ಎಂಬ ಭಾವನೆಯೂ ಬರುತ್ತದೆ.

ಕರ್ನಾಟಕದ ನಿಯಮ ಇನ್ನೂ ವಿಚಿತ್ರ. ಅಲ್ಲಿ 2022-23ರಲ್ಲಿ ಮನೆಯೊಂದು ಬಳಸಿದ ಸರಾಸರಿಗೆ ಶೇಕಡಾ 10 ಸೇರಿಸಿ ಅದನ್ನೇ ಅರ್ಹತೆಯೆಂದು ಕಟ್ಟಿದರು. ಹಿಂದೆ 60 ಯುನಿಟ್ಟಿನಲ್ಲಿ ಸಂಸಾರ ತೂಗಿಸಿದವರಿಗೆ 66 ಉಚಿತ. 170 ಬಳಸಿದವರಿಗೆ 187 ಉಚಿತ. ಎಂದರೆ, ಮಿತವಾಗಿ ಬದುಕಿದವನ ಮಿತಿಯನ್ನು ಸರ್ಕಾರವೇ ಕಾಯಂ ಮಾಡಿತು, ಧಾರಾಳಿಯ ಧಾರಾಳತನಕ್ಕೆ ಬೊಕ್ಕಸದಿಂದ ತುಂಬಿಕೊಟ್ಟಿತು. 48 ಯುನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯುನಿಟ್ಟನ್ನೇ ಹೆಚ್ಚಿಗೆ ಕೊಡುವ ತಿದ್ದುಪಡಿ 2024ರ ಜನವರಿಯಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಮೂಲ ತರ್ಕ ಹಾಗೆಯೇ ಉಳಿದಿದೆ. ಬಡವನಿಗೆ ಬೆಳಕು ಕೊಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ಶಕ್ತಿನಗರದ ಮೊದಲ ಘಟಕ 1985ರಲ್ಲಿ ಉರಿಯತೊಡಗಿದಾಗ ನಾನು ರಾಯಚೂರಿನಲ್ಲಿ ಶಾಲೆಯ ಹುಡುಗ. ಚಿಮಣಿಯ ಹೊಗೆ ನಮಗೆ, ಕರೆಂಟು ದೂರದವರಿಗೆ ಎಂದು ಹಿರಿಯರು ಆಡಿಕೊಳ್ಳುತ್ತಿದ್ದುದನ್ನು ಕೇಳುತ್ತಲೇ ಬೆಳೆದವನು.

ವಿದ್ಯುತ್ತನ್ನು ಅಳೆಯುವ ಬೇರೆಯೊಂದು ರೀತಿಯನ್ನು ಕನ್ನಡ ನಾಡಿನಲ್ಲಿ ಕುಳಿತೇ ತೋರಿಸಿಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು. ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ 'ಅಸ್ತ್ರ' ಕೇಂದ್ರವನ್ನು ಕಟ್ಟಿದವರು. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ಅಲ್ಲಿಯದೇ. 2000ದ ಹೊತ್ತಿಗೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ತು ಬೇಕಾದೀತೆಂದು ಸರ್ಕಾರಿ ಸಮಿತಿಯೊಂದು 1987ರಲ್ಲಿ ದೊಡ್ಡ ಅಂದಾಜು ಮಾಡಿದಾಗ, ರೆಡ್ಡಿಯವರೂ ಸಂಗಡಿಗರೂ ಲೆಕ್ಕವನ್ನು ತಿರುಗಿಸಿ ಹಾಕಿದರು. ಜನಕ್ಕೆ ಬೇಕಾದದ್ದು ಯುನಿಟ್ಟಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅವನ್ನು ಉತ್ತಮ ದೀಪ, ಸೋಲಾರ್ ಹೀಟರ್, ಸರಿಪಡಿಸಿದ ಪಂಪ್‌ಸೆಟ್ಟುಗಳಿಂದ ಕೊಟ್ಟರೆ ಅಂದಾಜಿನ ಅರ್ಧಕ್ಕಿಂತ ಕಡಿಮೆ ಸಾಕೆಂದು ತೋರಿಸಿದರು. 'ಡಿಫೆಂಡಸ್' ಎಂದು ಹೆಸರಾದ ಆ ಲೆಕ್ಕಾಚಾರ ನಮ್ಮ ಆಡಳಿತಗಾರರ ಕಡ್ಡಾಯ ಪಾಠವಾಗಬೇಕಿತ್ತು.

ದೇಶದ ಮಟ್ಟದಲ್ಲಿ ಸಾಧನೆ ಇಲ್ಲದಿಲ್ಲ. 2001ರ ಇಂಧನ ಸಂರಕ್ಷಣಾ ಕಾಯಿದೆ, ಮರುವರ್ಷ ಬಿಇಇ, 2006ರಲ್ಲಿ ನಕ್ಷತ್ರದ ಚೀಟಿ. ಎಲ್ಲಕ್ಕಿಂತ ಮಿಗಿಲಾಗಿ ಎಲ್‌ಇಡಿ ಬಲ್ಬು: 2014ರ ಆರಂಭದಲ್ಲಿ 310 ರೂಪಾಯಿಗೆ ಕೊಂಡದ್ದನ್ನು ಸಗಟು ಖರೀದಿಯ ಬಲದಿಂದ 2016ರಲ್ಲಿ 38 ರೂಪಾಯಿಗೆ ಇಳಿಸಿದರು. 2015ರಲ್ಲಿ ಆರಂಭವಾದ ಉಜಾಲಾದಡಿ 36 ಕೋಟಿಗೂ ಮಿಕ್ಕಿ ಬಲ್ಬುಗಳು ಹಂಚಿಕೆಯಾದವು. ಇದು ಉಪದೇಶದಿಂದ ಆದದ್ದಲ್ಲ.

ಬಲ್ಬಿನಲ್ಲಿ ಉಳಿದದ್ದು ಹವಾನಿಯಂತ್ರಕಕ್ಕೆ ಹೋಗುತ್ತಿದೆ. ಕೂಕಟ್‌ಪಲ್ಲಿಯ ಗೃಹಮಂಡಳಿ ಕಾಲೊನಿಯಲ್ಲಿ ಒಂದಂತಸ್ತಿನ ಮನೆಗಳಿದ್ದ ನಿವೇಶನಗಳ ಮೇಲೆ ಈಗ ನಾಲ್ಕೈದು ಅಂತಸ್ತು. ಗೋಡೆಗೆ ಗೋಡೆ ತಾಗಿ ಗಾಳಿಗೆ ದಾರಿಯಿಲ್ಲ. ಕಟ್ಟಿಸುವವನು ಬಿಲ್ಲು ತೆರುವುದಿಲ್ಲ, ಬಿಲ್ಲು ತೆರುವ ಬಾಡಿಗೆದಾರ ಕಿಟಕಿ ಎಲ್ಲಿರಬೇಕೆಂದು ಹೇಳುವಂತಿಲ್ಲ. 2020ರಿಂದ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಮಾರಾಟವಾಗಬೇಕೆಂಬ ನಿಯಮವಿದೆ. ರಿಮೋಟು ಯಾರ ಕೈಯಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ನಮ್ಮ ರಾಯಚೂರು, ಕಲಬುರ್ಗಿ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳು ಬೇಸಗೆಯ ಬಿಸಿಲನ್ನು ಕರೆಂಟಿಲ್ಲದೆ ತಡೆದವು. 2023ರಲ್ಲಿ ತೆಲಂಗಾಣ ತಂದ ತಂಪು ಛಾವಣಿ ನೀತಿ ಆ ಜಾಣತನವನ್ನು ನೆನಪಿಸುವಂಥದು. ಆದರೆ ವಾಸದ ಮನೆಗಳಿಗೆ ಅದು ಕಡ್ಡಾಯವಾಗುವುದು 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನದಲ್ಲಿ. ನಮ್ಮ ಬೀದಿಯಲ್ಲಿ ಅಂಥದು ಒಂದೂ ಇಲ್ಲ.

ನನ್ನ ಸಲಹೆ ಸರಳವಾದದ್ದು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು. ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನದು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಮೊದಲನೆಯದಕ್ಕೆ 27 ಯುನಿಟ್ಟು, ಎರಡನೆಯದಕ್ಕೆ ಹನ್ನೊಂದು. ಮೂರು ಫ್ಯಾನಿನ ಮನೆಯಲ್ಲಿ ಉಳಿಯುವುದು 48 ಯುನಿಟ್ಟು. ಬಿಲ್ಲು ಸೊನ್ನೆಯಾಗಿರುವ ಮನೆಯವನು ದುಬಾರಿ ಫ್ಯಾನನ್ನು ಯಾಕೆ ಕೊಳ್ಳಬೇಕು? ಕೊಳ್ಳುವುದಿಲ್ಲ, ಅದು ನ್ಯಾಯವೇ. ಆ ಯುನಿಟ್ಟುಗಳ ಹಣ ಕೊಡುತ್ತಿರುವುದು ಬೆಂಗಳೂರಿನ ವಿಧಾನಸೌಧ ಮತ್ತು ಹೈದರಾಬಾದಿನ ಸಚಿವಾಲಯ. ಗಿರಾಕಿ ಯಾರೋ ಫ್ಯಾನು ಕೊಳ್ಳಬೇಕಾದವರೂ ಅವರೇ. ಬಲ್ಬನ್ನು ಕೊಂಡ ಹಾಗೆ ಎರಡು ಸರ್ಕಾರಗಳೂ ಸೇರಿ ಸಗಟಿನಲ್ಲಿ ಕೊಂಡು ಗೃಹಜ್ಯೋತಿಯ ಮನೆಗಳಿಗೆ ಹಾಕಿಸಿಕೊಡಲಿ. ಹಳೆಯ ಫ್ಯಾನನ್ನು ವಾಪಸು ಪಡೆಯುವುದನ್ನು ಮಾತ್ರ ಮರೆಯಬಾರದು; ಇಲ್ಲವಾದರೆ ಅದು ಅಡುಗೆಮನೆಯಲ್ಲಿ ನಾಲ್ಕನೆಯದಾಗಿ ತಿರುಗತೊಡಗುತ್ತದೆ.